ಶಕ್ತಿ ಯಾರ ಪಾಲಿಗೆ, ನಗೆ ಯಾರ ಮೇಲೆ: ‘ದಿ ಇನ್‌ಕ್ರೆಡಿಬಲ್ಸ್’ ಕುರಿತು ಓದುಗರ ಪ್ರಶ್ನೆಗಳು

ಮಕ್ಕಳ ರಜೆಯ ದಿನಗಳಿಗೆಂದು ಕಳೆದ ಸಂಚಿಕೆಯಲ್ಲಿ ಸೂಚಿಸಿದ್ದ ಚಿತ್ರಗಳಲ್ಲಿ ‘ದಿ ಇನ್‌ಕ್ರೆಡಿಬಲ್ಸ್’ ಕೂಡ ಒಂದಾಗಿತ್ತು. ಪಿಕ್ಸಾರ್ ಸಂಸ್ಥೆ ತಯಾರಿಸಿದ, ಬ್ರ್ಯಾಡ್ ಬರ್ಡ್ ಬರೆದು ನಿರ್ದೇಶಿಸಿದ ಈ ಅನಿಮೇಷನ್ ಚಿತ್ರ 2004ರಲ್ಲಿ ತೆರೆಕಂಡಿತು. ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರ ಮತ್ತು ಧ್ವನಿ ಸಂಕಲನ ವಿಭಾಗಗಳಲ್ಲಿ ಎರಡು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. 2018ರಲ್ಲಿ ಅದರ ಎರಡನೆಯ ಭಾಗವೂ ಬಂತು. ಸೂಪರ್‌ಹೀರೊಗಳ ಕೆಲಸವನ್ನು ಸರ್ಕಾರ ನಿಲ್ಲಿಸಿಬಿಟ್ಟ ಮೇಲೆ ಗುಟ್ಟಾಗಿ ಸಾಮಾನ್ಯರಂತೆ ಬಾಳುತ್ತಿರುವ ಒಂದು ಕುಟುಂಬದ ಕಥೆ ಅದು. ತಂದೆ ಬಾಬ್, ತಾಯಿ ಹೆಲೆನ್, ಮಗಳು ವಯೊಲೆಟ್, ಮಗ ಡ್ಯಾಶ್, ಇನ್ನೂ ಮಾತು ಬಾರದ ಕೂಸು ಜ್ಯಾಕ್‌ಜ್ಯಾಕ್. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಚಿತ್ರದ ಪಾತ್ರಗಳನ್ನೇ ಕುರಿತು ಇದ್ದುದರಿಂದ, ಅಂಕಣದ ಜಾಗವನ್ನೆಲ್ಲ ಅವಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನಮ್ಮ ಶಾಲೆಯ ಬೇಸಿಗೆ ಶಿಬಿರದಲ್ಲಿ ಈ ಚಿತ್ರವನ್ನು ತೋರಿಸಿದೆವು. ತಂದೆಗೆ ರೈಲನ್ನೇ ತಡೆದು ನಿಲ್ಲಿಸುವ ಬಲ, ತಾಯಿಗೆ ಎಳೆದಷ್ಟೂ ಹಿಗ್ಗುವ ಮೈ, ಮಗನಿಗೆ ಗಾಳಿಯಂಥ ಓಟ, ಮಗಳಿಗೆ ಮಾತ್ರ ಕಣ್ಣಿಗೆ ಕಾಣದಂತೆ ಮಾಯವಾಗುವ ಶಕ್ತಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಟೀಚರ್, ಹುಡುಗಿಗೇ ಯಾಕ ಮರೆಯಾಗೋ ಶಕ್ತಿ ಕೊಟ್ಟಾರ್ರಿ?” ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹಳೆಯ ಪಾಠವನ್ನೇ ಹೊಸ ಬಟ್ಟೆ ತೊಡಿಸಿ ಕಲಿಸುವ ಚಿತ್ರವೇ ಇದು?
— ಪ್ರೌಢಶಾಲಾ ಶಿಕ್ಷಕಿ, ಸೇಡಂ

ಉತ್ತರ: ನಿಮ್ಮ ವಿದ್ಯಾರ್ಥಿನಿ ಚಿತ್ರದ ಅಡಿಪಾಯಕ್ಕೇ ಕೈಹಾಕಿದ್ದಾಳೆ. ಕುಟುಂಬದಲ್ಲಿ ಯಾರು ಯಾವ ಸ್ಥಾನದಲ್ಲಿ ಇರುತ್ತಾರೆಂದು ಜನ ಭಾವಿಸುತ್ತಾರೋ ಅದರಿಂದಲೇ ಆಯಾ ಪಾತ್ರದ ಶಕ್ತಿಯನ್ನು ಆರಿಸಿಕೊಂಡೆನೆಂದು ನಿರ್ದೇಶಕರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ತಂದೆ ಗಟ್ಟಿಯಾಗಿರಬೇಕು, ತಾಯಿಯನ್ನು ಹತ್ತು ಕಡೆಗಳಿಂದ ಎಳೆಯುವವರಿರುತ್ತಾರೆ, ಹರೆಯಕ್ಕೆ ಕಾಲಿಟ್ಟ ಮಗಳು ಇತರರ ಕಣ್ಣಿಗೆ ಬೀಳಲು ಅಂಜುತ್ತಾಳೆ, ಹತ್ತು ವರ್ಷದ ಹುಡುಗ ನಿಂತಲ್ಲಿ ನಿಲ್ಲುವುದಿಲ್ಲ, ಕೂಸು ಮುಂದೆ ಏನಾದೀತೆಂದು ಯಾರಿಗೂ ತಿಳಿಯದು. ಹೀಗಾಗಿ ಆರಂಭದಲ್ಲಿ ಚಿತ್ರ ನಮ್ಮ ಕೈಗೆ ಕೊಡುವುದು ಎಲ್ಲರಿಗೂ ಗೊತ್ತಿರುವ, ಹಳೆಯದೇ ಆದ ಸ್ಥಾನಹಂಚಿಕೆಯನ್ನು. ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಪಾತ್ರವನ್ನು ಎಲ್ಲಿಂದ ಆರಂಭಿಸಿದರು ಎಂಬುದರ ಜೊತೆಗೆ, ಆ ಪಾತ್ರಕ್ಕೆ ತನ್ನ ಶಕ್ತಿಯ ಬಗ್ಗೆ ತಾನೇ ನಿರ್ಧರಿಸುವ ಗಳಿಗೆಯೊಂದನ್ನು ಕೊಟ್ಟರೇ ಇಲ್ಲವೇ ಎಂಬುದನ್ನೂ ನೋಡಬೇಕು. ನನ್ನ ಮಟ್ಟಿಗೆ ಪಾತ್ರಚಿತ್ರಣದ ನಿಜವಾದ ಪರೀಕ್ಷೆ ಅದೇ.

ಮೊದಲು ತಾಯಿಯನ್ನು ನೋಡಿ. ಚಿತ್ರದ ಆರಂಭದ ಸಂದರ್ಶನದಲ್ಲಿ ತರುಣಿ ಹೆಲೆನ್, ಮನೆ ಹಿಡಿದು ಕೂರುವ ಮಾತನ್ನೇ ತಳ್ಳಿಹಾಕಿ, ಜಗತ್ತನ್ನು ಕಾಪಾಡುವ ಕೆಲಸವನ್ನು ಗಂಡಸರಿಗಷ್ಟೇ ಬಿಟ್ಟುಕೊಡುವವಳು ತಾನಲ್ಲವೆಂದು ನಗುತ್ತ ಹೇಳುತ್ತಾಳೆ. ಕಥೆ 15 ವರ್ಷ ಮುಂದಕ್ಕೆ ಜಿಗಿದಾಗ ಅದೇ ಹೆಲೆನ್ ಊಟದ ಮೇಜಿನ ಎರಡು ಬದಿಗಳಲ್ಲಿ ಜಗಳವಾಡುವ ಮಕ್ಕಳನ್ನು ತನ್ನ ಉದ್ದನೆಯ ತೋಳುಗಳಿಂದ ಹಿಡಿದು ಬೇರ್ಪಡಿಸುತ್ತಿರುತ್ತಾಳೆ. ನಾವು ನಗುತ್ತೇವೆ, ಆದರೆ ಹಿಂದಿನ ಮಾತು ಕಿವಿಯಲ್ಲಿ ಇರುವುದರಿಂದಲೇ ಆ ನಗೆಯಲ್ಲಿ ಒಂದು ಚುಚ್ಚು ಇದೆ. ಮುಂದೆ ವಿಮಾನಕ್ಕೆ ಕ್ಷಿಪಣಿ ಬಡಿದು ಮೂವರೂ ಆಕಾಶದಿಂದ ಬೀಳುವಾಗ ಅವಳು ಮಕ್ಕಳನ್ನು ಹಿಡಿದುಕೊಂಡು ಪ್ಯಾರಾಚೂಟ್ ಆಗುತ್ತಾಳೆ, ನೀರಿಗೆ ಬಿದ್ದ ಮೇಲೆ ದೋಣಿಯಾಗುತ್ತಾಳೆ, ಡ್ಯಾಶ್ ಕಾಲು ಬಡಿದು ದೋಣಿಯನ್ನು ಮುನ್ನಡೆಸುತ್ತಾನೆ. ಊಟದ ಮೇಜಿನ ಬಳಿ ವ್ಯಯವಾಗುತ್ತಿದ್ದ ಶಕ್ತಿಯೇ ಇಲ್ಲಿ ಮೂರು ಜೀವಗಳನ್ನು ಉಳಿಸುತ್ತದೆ. ಹೊಲದ ಕಳೆ ತೆಗೆದು, ಸಂಜೆ ರೊಟ್ಟಿ ಬಡಿದು, ರಾತ್ರಿ ಸ್ವಸಹಾಯ ಸಂಘದ ಲೆಕ್ಕ ಬರೆಯುವ ತಾಯಂದಿರನ್ನು ದಿನವೂ ನೋಡುವ ಸೇಡಂನ ಮಕ್ಕಳಿಗೆ ಈ ಪಾತ್ರ ಪರಕೀಯವೆನಿಸಲಾರದು.

ಇನ್ನು ವಯೊಲೆಟ್. ಆಕೆಗೆ ಎರಡು ಶಕ್ತಿಗಳಿವೆ: ಒಂದು ಮರೆಯಾಗುವುದು, ಇನ್ನೊಂದು ತನ್ನ ಸುತ್ತ ಗುಂಡು ತೂರದ ಕವಚವೊಂದನ್ನು ಹರಡುವುದು. ವಿಮಾನದೊಳಗೆ ತಾಯಿ ಕವಚ ಹರಡಲು ಹೇಳಿದಾಗ ಆಕೆಯಿಂದ ಆಗುವುದಿಲ್ಲ. ಆಮೇಲೆ ಗುಹೆಯೊಳಗೆ ಹೆಲೆನ್ ಮಗಳನ್ನು ಗದರಿಸದೆ, ಶಕ್ತಿಯನ್ನು ಮುಚ್ಚಿಡು ಎಂದು ವರ್ಷಗಟ್ಟಲೆ ಹೇಳಿದವಳು ತಾನೇ ಆಗಿರುವಾಗ ಒಮ್ಮೆಲೇ ಅಷ್ಟನ್ನು ಕೇಳಿದ್ದು ನ್ಯಾಯವಲ್ಲವೆಂದು ಒಪ್ಪಿಕೊಳ್ಳುತ್ತಾಳೆ. ಹಿರಿಯಳೊಬ್ಬಳು ಮಗಳೆದುರು ಹೀಗೆ ಮಾತನಾಡುವ ದೃಶ್ಯವನ್ನು ನಮ್ಮ ಚಿತ್ರಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ಅದಾದ ಮೇಲೆ ಕಾಡಿನಲ್ಲಿ ತಮ್ಮನ ಮೇಲೆ ಗುಂಡು ಹಾರಿದಾಗ, ಯಾರೂ ಹೇಳದೆಯೇ ವಯೊಲೆಟ್ ಮುಂದೆ ಹಾರಿ ಕವಚ ಹರಡುತ್ತಾಳೆ. ಮರೆಯಾಗುವ ಹುಡುಗಿ ಇನ್ನೊಬ್ಬರಿಗೆ ಮರೆಯಾಗಿ ನಿಲ್ಲುವ ಹುಡುಗಿಯಾದ ಈ ಗಳಿಗೆಯೇ ನಿಮ್ಮ ವಿದ್ಯಾರ್ಥಿನಿಗೆ ಚಿತ್ರ ಕೊಡುವ ಉತ್ತರ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ವೈರಿಯ ಕೋಟೆಯೊಳಗೆ ಜೀವದ ಹಂಗು ತೊರೆದು ನುಗ್ಗುತ್ತಿರುವ ಹೆಲೆನ್, ಹೊಳೆಯುವ ಗೋಡೆಯಲ್ಲಿ ತನ್ನ ಮೈಯ ಹಿಂಭಾಗವನ್ನು ಕಂಡು ನಿಟ್ಟುಸಿರು ಬಿಡುವ ಒಂದು ಚಿಕ್ಕ ಹಾಸ್ಯವಿದೆ. ಬಾಬ್‌ನ ಬೊಜ್ಜಿನ ಮೇಲೆಯೂ ಚಿತ್ರ ನಗುತ್ತದೆ, ನಿಜ. ಆದರೆ ಆತ ಕುಳಿತು ಬೇಸತ್ತ ಮನುಷ್ಯನೆಂದು ತೋರಿಸಲು ಆ ನಗೆಗೆ ಕಥೆಯಲ್ಲಿ ಕೆಲಸವಿದೆ, ಹೆಲೆನ್‌ಳ ನಿಟ್ಟುಸಿರಿಗೆ ಅಂಥ ಕೆಲಸವೇನೂ ಇಲ್ಲ. ವಯೊಲೆಟ್ ಬದಲಾಗಿದ್ದಾಳೆ ಎಂಬುದಕ್ಕೆ ಕೊನೆಯಲ್ಲಿ ಸಾಕ್ಷಿಯಾಗಿ ಬರುವುದು ಮುಖದಿಂದ ಹಿಂದಕ್ಕೆ ಸರಿಸಿದ ಕೂದಲು ಮತ್ತು ತರಗತಿಯ ಹುಡುಗನ ಮೆಚ್ಚುಗೆ. ಅಲ್ಲಿಯೂ ತಡವರಿಸುವವನು ಹುಡುಗ, ಸಿನಿಮಾಕ್ಕೆ ಹೋದಾಗ ಪಾಪ್‌ಕಾರ್ನ್ ತಾನೇ ಕೊಡಿಸುತ್ತೇನೆಂದು ಮಾತು ಮುಗಿಸುವವಳು ಆಕೆ ಎಂಬುದು ಸಮಾಧಾನ. (ಮುಖ ಮುಚ್ಚುವ ಆ ಉದ್ದ ಕೂದಲನ್ನು ಕಂಪ್ಯೂಟರಿನಲ್ಲಿ ಸಹಜವಾಗಿ ಅಲುಗಾಡಿಸುವುದು ಆ ಕಾಲದಲ್ಲಿ ಪಿಕ್ಸಾರ್ ತಂತ್ರಜ್ಞರಿಗೆ ಬಹಳ ಕಷ್ಟ ಕೊಟ್ಟ ಕೆಲಸವಾಗಿತ್ತು. ಸುಲಭವಾದ ಗಿಡ್ಡ ಕೂದಲಿಗೆ ಒಪ್ಪಿಕೊಳ್ಳದೆ ಅವರು ಅದನ್ನೇ ಹಟಹಿಡಿದು ಸಾಧಿಸಿದ್ದು ಪಾತ್ರದ ಮೇಲಿನ ಕಾಳಜಿಯನ್ನು ತೋರಿಸುತ್ತದೆ.)

ಪ್ರಶ್ನೆ: ಬಾಬ್‌ನ ಗೆಳೆಯ ಫ್ರೋಜೋನ್‌ನ ಹೆಂಡತಿಯ ದನಿ ಮಾತ್ರ ಕೇಳಿಸುತ್ತದೆ, ಮುಖ ಒಮ್ಮೆಯೂ ಕಾಣುವುದಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುವ ಆ ದೃಶ್ಯ ನನಗೇಕೋ ಇರುಸುಮುರುಸು ಉಂಟುಮಾಡಿತು. ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ?
— ಪದವಿ ವಿದ್ಯಾರ್ಥಿನಿ, ಬೀದರ್

ಉತ್ತರ: ಖಂಡಿತ ಇಲ್ಲ. ನಗರದಲ್ಲಿ ರಾಕ್ಷಸ ಯಂತ್ರ ಕಟ್ಟಡಗಳನ್ನು ಕೆಡವುತ್ತಿರುವಾಗ ಫ್ರೋಜೋನ್ ತನ್ನ ಸಮವಸ್ತ್ರವನ್ನು ಹುಡುಕುತ್ತಾನೆ. ಹೊರಗೆ ಊಟಕ್ಕೆ ಹೋಗುವ ಯೋಜನೆ ಕೆಟ್ಟಿತೆಂದು ಪಕ್ಕದ ಕೋಣೆಯಿಂದ ಹೆಂಡತಿ ಹನಿ ದನಿಯೇರಿಸುತ್ತಾಳೆ. ಸಂಭಾಷಣೆಯ ವೇಗ, ಎರಡು ದನಿಗಳ ಹೊಂದಾಣಿಕೆ ಅಪರೂಪದ್ದು. ಆದರೆ ಇಡೀ ಚಿತ್ರದ ಮುಖ್ಯ ಪಾತ್ರಗಳಲ್ಲಿ ಕಪ್ಪು ಜನಾಂಗದವನೆಂದರೆ ಫ್ರೋಜೋನ್ ಒಬ್ಬನೇ. ಅವನ ಮನೆಯ ಹೆಣ್ಣು ಕೇವಲ ಒಂದು ದನಿ. ಬಾಬ್‌ನ ಕುಟುಂಬದ ಅಡುಗೆಮನೆ, ಮಲಗುವ ಕೋಣೆ, ಊಟದ ಜಗಳ ಎಲ್ಲವನ್ನೂ ಹತ್ತಿರದಿಂದ ತೋರಿಸಿದ ಚಿತ್ರ ಅವನ ಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ. 14 ವರ್ಷಗಳ ಬಳಿಕ ಬಂದ ಎರಡನೆಯ ಭಾಗದಲ್ಲಿಯೂ ಹನಿ ದನಿಯಾಗಿಯೇ ಉಳಿದದ್ದನ್ನು ಕಂಡಾಗ, ಒಮ್ಮೆ ಗೆದ್ದ ಹಾಸ್ಯವನ್ನು ಕೈಬಿಡಲು ಮನಸ್ಸಾಗದೆ ಒಬ್ಬ ವ್ಯಕ್ತಿಯನ್ನು ಕೈಬಿಟ್ಟರು ಎಂದೇ ನನಗನ್ನಿಸಿತು.

ಫ್ರೋಜೋನ್‌ಗೂ ಮೊದಲ ಚಿತ್ರದಲ್ಲಿ ಸ್ವಂತದ ಕಥೆಯಿಲ್ಲ. ಗೆಳೆಯನ ಹಟಕ್ಕೆ ಒಲ್ಲದ ಮನಸ್ಸಿನಿಂದ ಜೊತೆಯಾಗುತ್ತಾನೆ, ನಡುವೆ ಬಹುಹೊತ್ತು ಕಾಣೆಯಾಗುತ್ತಾನೆ, ಕೊನೆಯ ಕಾಳಗಕ್ಕೆ ಬಂದು ನಿಲ್ಲುತ್ತಾನೆ. ಸ್ಯಾಮ್ಯುಯೆಲ್ ಜ್ಯಾಕ್ಸನ್ ಅವರ ಕಂಠ ಆ ಪಾತ್ರವನ್ನು ಎತ್ತಿ ಹಿಡಿದಿದೆ, ಬರವಣಿಗೆ ಅಷ್ಟು ಎತ್ತಿಲ್ಲ. ಇದೇ ಕೊರತೆಯನ್ನು ತುಂಬಿಕೊಟ್ಟದ್ದು 2018ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ‘ಇನ್‌ಟು ದಿ ಸ್ಪೈಡರ್‌ವರ್ಸ್’. ಅಲ್ಲಿ ಬ್ರೂಕ್ಲಿನ್‌ನ ಹುಡುಗ ಮೈಲ್ಸ್ ಮೊರಾಲೆಸ್‌ನ ತಂದೆ ಕಪ್ಪು ಜನಾಂಗದ ಪೊಲೀಸ್ ಅಧಿಕಾರಿ, ತಾಯಿ ಪೋರ್ಟೊರಿಕೊ ಮೂಲದ ನರ್ಸ್. ಇಬ್ಬರಿಗೂ ಮುಖವಿದೆ, ಕೆಲಸವಿದೆ, ಮಗನ ಮೇಲೆ ಬೇರೆಬೇರೆ ಬಗೆಯ ಚಿಂತೆಯಿದೆ, ಮನೆಯ ಮಾತಿನಲ್ಲಿ ಸ್ಪ್ಯಾನಿಷ್ ತಾನಾಗಿ ಬೆರೆಯುತ್ತದೆ. ಮೂವರು ನಿರ್ದೇಶಕರಲ್ಲಿ ಒಬ್ಬರಾದ ಪೀಟರ್ ರ‍್ಯಾಮ್ಸಿ, ಅನಿಮೇಷನ್ ಚಿತ್ರ ವಿಭಾಗದ ಆಸ್ಕರ್ ಪಡೆದ ಮೊದಲ ಕಪ್ಪು ನಿರ್ದೇಶಕರು. ಆ ಚಿತ್ರವೂ ಉದ್ದಕ್ಕೂ ನಗಿಸುತ್ತದೆ. ನಗಿಸಲು ಯಾರನ್ನೂ ಗೋಡೆಯ ಆಚೆ ನಿಲ್ಲಿಸಬೇಕಾಗಿ ಬರಲಿಲ್ಲ.

ಪ್ರಶ್ನೆ: ಈ ಚಿತ್ರದ ಖಳನಾಯಕ ಸಿಂಡ್ರೋಮ್ ಹುಟ್ಟಿನಿಂದ ಯಾವ ಶಕ್ತಿಯೂ ಇಲ್ಲದವನು. ಬುದ್ಧಿಯಿಂದ, ದುಡಿಮೆಯಿಂದ ಯಂತ್ರಗಳನ್ನು ಕಟ್ಟಿಕೊಂಡವನು. ಹುಟ್ಟಿನಿಂದಲೇ ಶಕ್ತಿ ಪಡೆದವರು ನಾಯಕರು, ದುಡಿದು ಗಳಿಸಿದವನು ಖಳ. ಅಂಬಿಗ, ಹಗ್ಗ ಹೊಸೆಯುವವ, ಚಮ್ಮಾರ ಎಲ್ಲರೂ ತಮ್ಮ ಕಾಯಕದಿಂದಲೇ ಹಿರಿಯರೆನಿಸಿದ ಕಲ್ಯಾಣದಲ್ಲಿ ಕುಳಿತು ಈ ಚಿತ್ರವನ್ನು ಹೇಗೆ ಒಪ್ಪಲಿ?
— ನಿವೃತ್ತ ಉಪನ್ಯಾಸಕರು, ಬಸವಕಲ್ಯಾಣ

ಉತ್ತರ: ಹಿರಿಯರಾದ ತಾವು ಎತ್ತಿದ ಪ್ರಶ್ನೆಯೇ ಈ ಎಲ್ಲ ಪತ್ರಗಳಲ್ಲಿ ಅತ್ಯಂತ ಭಾರವಾದದ್ದು. ಚಿತ್ರ ಬಂದ ಕಾಲದಿಂದಲೂ ವಿಮರ್ಶಕರು ಇದನ್ನು ಚರ್ಚಿಸುತ್ತ ಬಂದಿದ್ದಾರೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ ಇವರ ಹೆಸರುಗಳನ್ನು ಹುಟ್ಟಿನಿಂದಲ್ಲದೆ ದುಡಿಮೆ ಮತ್ತು ನುಡಿಯಿಂದ ನೆನೆಯುವ ನೆಲದಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ.

ಚಿತ್ರದ ಪರವಾಗಿ ಹೇಳಬಹುದಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮುಂದೆ ಸಿಂಡ್ರೋಮ್ ಎನಿಸಿಕೊಳ್ಳುವ ಬಾಲಕ ಬಡಿ ತಾನೇ ತಯಾರಿಸಿದ ರಾಕೆಟ್ ಬೂಟು ತೊಟ್ಟು ತನ್ನ ಆರಾಧ್ಯನಾಯಕನ ಬಳಿ ಬಂದಾಗ ಬಾಬ್ ಅವನನ್ನು ಕಸದಂತೆ ತಳ್ಳುತ್ತಾನೆ. ಚಿತ್ರ ಇದನ್ನು ನಾಯಕನ ತಪ್ಪೆಂದೇ ಎಣಿಸುತ್ತದೆ. ಮುಂದೆ ಸೆರೆಯಾಳಾದ ಬಾಬ್, ನಿನ್ನನ್ನು ಹಾಗೆ ನಡೆಸಿಕೊಂಡದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳುತ್ತಾನೆ. ಎರಡನೆಯದಾಗಿ, ಬೆಳೆದು ಸಿಂಡ್ರೋಮ್ ಆದ ಬಡಿಯ ಅಪರಾಧ ಶಕ್ತಿಯಿಲ್ಲದೆ ಹುಟ್ಟಿದ್ದಲ್ಲ. ತೆರೆಮರೆಗೆ ಸರಿದಿದ್ದ ಸೂಪರ್‌ಹೀರೊಗಳನ್ನು ಒಬ್ಬೊಬ್ಬರಾಗಿ ದ್ವೀಪಕ್ಕೆ ಕರೆಸಿ, ತನ್ನ ಯಂತ್ರವನ್ನು ಸಾಣೆ ಹಿಡಿಯಲೆಂದು ಅವರನ್ನು ಕೊಲ್ಲಿಸುತ್ತಾನೆ. ಅದೇ ಯಂತ್ರವನ್ನು ನಗರದ ಮೇಲೆ ಬಿಟ್ಟು, ತಾನೇ ಅದನ್ನು ಸೋಲಿಸಿದಂತೆ ನಟಿಸಿ ಜನರ ಚಪ್ಪಾಳೆ ಗಿಟ್ಟಿಸಲು ಹೊರಡುತ್ತಾನೆ. ಅವನ ಜಾಣ್ಮೆ ದೊಡ್ಡದು, ದುಡಿಮೆ ದೊಡ್ಡದು. ಆದರೆ ಅದರಲ್ಲಿ ದಾಸೋಹವೆಂಬುದು ಎಳ್ಳಷ್ಟೂ ಇಲ್ಲ. ಕಾಯಕವನ್ನು ಕಾಯಕವಾಗಿಸುವುದು ಬರಿಯ ದುಡಿತವಲ್ಲ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟಾದರೂ ತಮ್ಮ ಆಕ್ಷೇಪ ಪೂರ್ತಿ ಕರಗುವುದಿಲ್ಲ. ವಯಸ್ಸಾದ ಮೇಲೆ ತನ್ನ ಯಂತ್ರಗಳನ್ನೆಲ್ಲ ಮಾರಿ ಎಲ್ಲರೂ ಸೂಪರ್‌ಹೀರೊ ಆಗುವಂತೆ ಮಾಡುತ್ತೇನೆ, ಆಗ ಯಾರೂ ಸೂಪರ್‌ಹೀರೊ ಆಗಿರುವುದಿಲ್ಲ ಎಂದು ಸಿಂಡ್ರೋಮ್ ಹೇಳುವಾಗ, ಚಿತ್ರ ಆ ಮಾತನ್ನು ಬೆದರಿಕೆಯಂತೆ ಕೇಳಿಸುತ್ತದೆ. ಎಲ್ಲರೂ ವಿಶೇಷವೇ ಎಂದು ತಾಯಿ ಹೇಳಿದಾಗ, ಹಾಗಾದರೆ ಯಾರೂ ವಿಶೇಷವಲ್ಲ ಎಂದು ಡ್ಯಾಶ್ ಗೊಣಗುವುದನ್ನೂ ನೆನೆಸಿಕೊಳ್ಳಿ. ನಾಯಕನ ಮಗ ಮತ್ತು ಖಳನಾಯಕ ಇಬ್ಬರ ಬಾಯಲ್ಲಿಯೂ ಒಂದೇ ತರ್ಕ. ಶಕ್ತಿ ಎಲ್ಲರಿಗೂ ಹಂಚಿದರೆ ಅದರ ಬೆಲೆ ಕುಸಿಯುತ್ತದೆ ಎಂಬ ಆ ತರ್ಕವನ್ನು ಚಿತ್ರ ಎಲ್ಲಿಯೂ ಎದುರಿಸಿ ನಿಂತು ಮುರಿಯುವುದಿಲ್ಲ. ಓದು ಕೆಲವರ ಸೊತ್ತಾಗಿದ್ದ ಕಾಲವನ್ನು ದಾಟಿ, ಮನೆಯಲ್ಲಿ ಮೊದಲ ಸಲ ಪದವಿ ಪಡೆದ ತಲೆಮಾರು ಈಗಷ್ಟೇ ನಿಂತಿರುವ ನಮ್ಮ ಜಿಲ್ಲೆಗಳಲ್ಲಿ, ಹಂಚುವುದರಿಂದ ಬೆಲೆ ಹೋಗುತ್ತದೆ ಎನ್ನುವ ಮಾತನ್ನು ಮಕ್ಕಳ ಮುಂದೆ ಪ್ರಶ್ನಿಸದೆ ಬಿಡಬಾರದು.

ಆದರೂ ಚಿತ್ರದೊಳಗೇ ಸಿಂಡ್ರೋಮ್‌ಗೆ ಒಂದು ಮಾರುತ್ತರವಿದೆ; ಅದನ್ನು ಚಿತ್ರಕಾರರು ಬಾಯಿಬಿಟ್ಟು ಹೇಳಿಲ್ಲ. ಹುಟ್ಟುಶಕ್ತಿಯೇನೂ ಇಲ್ಲದ, ಕೇವಲ ಕೈಕೆಲಸ ಮತ್ತು ಬುದ್ಧಿಯಿಂದ ಮೇಲೆ ಬಂದ ಇನ್ನೊಂದು ಪಾತ್ರ ಅಲ್ಲಿದೆ. ಮಹಾಬಲಶಾಲಿಗಳೆಲ್ಲ ಅವಳ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವಳನ್ನೇ ಕುರಿತ ಪತ್ರವೊಂದು ಶಹಾಪುರದಿಂದ ಬಂದಿದೆ.

ಪ್ರಶ್ನೆ: ನಾನು ಹೊಲಿಗೆ ಕೆಲಸ ಮಾಡುವವಳು. ಮಕ್ಕಳ ಜೊತೆ ಚಿತ್ರ ನೋಡುವಾಗ ಬಟ್ಟೆ ಹೊಲಿದುಕೊಡುವ ಎಡ್ನಾ ಮೇಡಂ ಬಂದಾಗಲೆಲ್ಲ ನನಗೆ ಬಹಳ ಖುಷಿಯಾಯಿತು. ಆದರೆ ನನ್ನ ತಂಗಿ, ಅವಳು ಗಿಡ್ಡ ಇದ್ದಾಳೆಂದು ನಗಿಸಲಿಕ್ಕೇ ಇಟ್ಟಿದ್ದಾರೆ ಎಂದಳು. ಯಾರ ಮಾತು ಸರಿ?
— ಓದುಗರು, ಶಹಾಪುರ

ಉತ್ತರ: ನಿಮ್ಮ ಖುಷಿಯೇ ಸರಿ, ತಾಯಿ. ಎಡ್ನಾ ಮೋಡ್ ಬಾಬ್‌ನ ಮೊಣಕಾಲಿಗಿಂತ ತುಸು ಮೇಲೆ ಬರುವಷ್ಟು ಎತ್ತರದವಳು. ದುಂಡು ಕನ್ನಡಕ, ಕತ್ತರಿಸಿದಂತೆ ನೇರವಾದ ಕೂದಲು. ಅವಳನ್ನು ಕಂಡೊಡನೆ ಮಕ್ಕಳು ನಗುತ್ತಾರೆಂಬುದು ನಿಜ. ಆದರೆ ಎರಡು ಮಾತು ಆಡುವಷ್ಟರಲ್ಲಿ ನಗೆ ದಿಕ್ಕು ಬದಲಿಸುತ್ತದೆ: ಅವಳ ಎದುರು ಮಾತು ಸಿಗದೆ ತಡವರಿಸುವ ದೈತ್ಯನ ಮೇಲೆ ನಾವು ನಗತೊಡಗುತ್ತೇವೆ. ಅವಳ ಅಧಿಕಾರ ಅವಳ ಕಸುಬಿನಿಂದ ಬಂದದ್ದು. ಓಟಗಾರನ ಬಟ್ಟೆ ಘರ್ಷಣೆಗೆ ಸುಡಬಾರದು, ಮಾಯವಾಗುವವಳ ಜೊತೆ ಬಟ್ಟೆಯೂ ಮಾಯವಾಗಬೇಕು, ತಾಯಿಯ ಬಟ್ಟೆ ಎಳೆದಷ್ಟೂ ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರಬೇಕು, ಕೂಸಿನ ಬಟ್ಟೆ ಬೆಂಕಿಗೂ ಗುಂಡಿಗೂ ಜಗ್ಗಬಾರದು ಎಂದು ಒಂದೊಂದು ಮೈಗೂ ಒಂದೊಂದು ಅಗತ್ಯವನ್ನು ಮೊದಲೇ ಲೆಕ್ಕಹಾಕಿ ಹೊಲಿದು, ಪರೀಕ್ಷಿಸಿ, ಆಮೇಲೆ ಕೊಡುತ್ತಾಳೆ. ಹೆಗಲಿನಿಂದ ಬೆನ್ನ ಹಿಂದೆ ಇಳಿಬಿಡುವ ನಿಲುವಂಗಿ (ಕೇಪ್) ಬೇಡವೇ ಬೇಡ ಎಂಬ ಅವಳ ಹಟಕ್ಕೂ ಕಾರಣ ಶೋಕಿಯಲ್ಲ. ಅದು ಎಲ್ಲೋ ಸಿಕ್ಕಿಕೊಂಡು ಪ್ರಾಣಬಿಟ್ಟವರ ಪಟ್ಟಿಯನ್ನೇ ಅವಳು ಒಪ್ಪಿಸುತ್ತಾಳೆ. ಕೊನೆಗೆ ಸಿಂಡ್ರೋಮ್ ಸಾಯುವುದು ತನ್ನ ನಿಲುವಂಗಿ ವಿಮಾನದ ಇಂಜಿನ್ನಿಗೆ ಸೆಳೆದುಕೊಂಡು ಹೋದದ್ದರಿಂದ. ಕುಸಿದು ಅಳುವ ಹೆಲೆನ್‌ಗೆ ನೀನು ಯಾರೆಂಬುದನ್ನು ನೆನಪಿಸಿಕೋ ಎಂದು ಗದರಿ ಎಬ್ಬಿಸುವವಳೂ ಇವಳೇ.

ನಿಮ್ಮ ತಂಗಿಯ ಅನುಮಾನಕ್ಕೆ ಕಾರಣವಿಲ್ಲದಿಲ್ಲ, ಏಕೆಂದರೆ ಗಿಡ್ಡಗಿರುವವರನ್ನು ಪೆಟ್ಟು ತಿನ್ನಿಸಿ ನಗಿಸುವುದನ್ನು ನಮ್ಮ ಸಿನಿಮಾಗಳು ದಶಕಗಳಿಂದ ಮಾಡಿಕೊಂಡು ಬಂದಿವೆ. ಎಡ್ನಾಗೆ ಕಂಠ ಕೊಟ್ಟವರು ಸ್ವತಃ ನಿರ್ದೇಶಕ ಬ್ರ್ಯಾಡ್ ಬರ್ಡ್. ಆ ಅವಕಾಶ ನಟಿಯೊಬ್ಬರಿಗೆ ಸಿಗಬಹುದಿತ್ತು ಎಂಬ ಒಂದು ಕೊರಗು ನನಗಿದೆ; ಪಾತ್ರದ ಘನತೆಗೆ ಅದರಿಂದ ಕುಂದು ಬಂದಿಲ್ಲ.

ಪ್ರಶ್ನೆ: ಎರಡನೆಯ ಭಾಗದಲ್ಲಿ ಹೆಂಡತಿ ಹೊರಗೆ ದುಡಿಯುತ್ತಾಳೆ, ಗಂಡ ಮನೆ ನೋಡಿಕೊಳ್ಳುತ್ತಾನೆ. ಗಂಡಸು ಮನೆಗೆಲಸ ಮಾಡುವುದನ್ನೇ ನಗೆಪಾಟಲು ಮಾಡಿದಂತಾಗಲಿಲ್ಲವೇ?
— ಓದುಗರು, ಯಾದಗಿರಿ

ಉತ್ತರ: ನಗೆ ಬಿದ್ದದ್ದು ಕೆಲಸದ ಮೇಲಲ್ಲ, ಆ ಕೆಲಸ ಸುಲಭವೆಂದುಕೊಂಡಿದ್ದವನ ಹಮ್ಮಿನ ಮೇಲೆ. ಬಾಬ್ ಹೋದಲ್ಲೆಲ್ಲ ಕಟ್ಟಡಗಳು ಉರುಳುತ್ತವೆ, ಹೆಲೆನ್ ಹೋದಲ್ಲಿ ಹಾನಿ ಕಡಿಮೆ ಎಂಬ ಲೆಕ್ಕದ ಮೇಲೆ ಅವಳನ್ನು ಆರಿಸುತ್ತಾರೆ. ಹೊಟ್ಟೆಕಿಚ್ಚನ್ನು ಮುಗುಳ್ನಗೆಯಡಿ ಮುಚ್ಚಿಟ್ಟುಕೊಂಡು ಮನೆಯಲ್ಲಿ ಉಳಿದ ಬಾಬ್‌ಗೆ ಮಗನ ಹೊಸ ಬಗೆಯ ಗಣಿತ ಅರ್ಥವಾಗುವುದಿಲ್ಲ, ಮಗಳ ಮುನಿಸಿನ ಮೂಲ ತಿಳಿಯುವುದಿಲ್ಲ, ಕೂಸು ರಾತ್ರಿಯಿಡೀ ನಿದ್ದೆ ಕೊಡುವುದಿಲ್ಲ. ಆದರೆ ಅವನು ಕೆಲಸ ಬಿಟ್ಟು ಓಡುವುದಿಲ್ಲ. ನಡುರಾತ್ರಿ ಎದ್ದು ಆ ಗಣಿತವನ್ನು ತಾನು ಮೊದಲು ಕಲಿತು ಮಗನಿಗೆ ಹೇಳಿಕೊಡುತ್ತಾನೆ. ಇಡೀ ಎರಡನೆಯ ಭಾಗದಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯ ಅದು. ಹೆಲೆನ್ ಹೊರಗೆ ಅಪಾಯದ ಕೆಲಸದಲ್ಲಿದ್ದಾಗಲೂ ಮನೆಯಿಂದ ಮಗನ ಬೂಟು ಎಲ್ಲಿದೆ ಎಂದು ಫೋನ್ ಬರುವುದು, ದುಡಿಯಲು ಹೊರಟ ನಮ್ಮ ಅಕ್ಕತಂಗಿಯರೆಲ್ಲ ಬಲ್ಲ ಸತ್ಯ.

ನನ್ನ ಅಸಮಾಧಾನ ಬೇರೆಡೆ ಇದೆ. ಹೆಲೆನ್‌ಳನ್ನು ಕೆಲಸಕ್ಕೆ ಆರಿಸುವ ಸಂಸ್ಥೆಯಲ್ಲಿ ಸೋದರ ವಿನ್‌ಸ್ಟನ್‌ನ ಹೆಸರು ಮುಂದಿದ್ದು, ಯಂತ್ರಗಳನ್ನೆಲ್ಲ ವಿನ್ಯಾಸಗೊಳಿಸುವ ಸೋದರಿ ಎವೆಲಿನ್ ಹಿಂದೆ ಉಳಿದಿರುವುದನ್ನು ಚಿತ್ರ ಬಹಳ ಚೆನ್ನಾಗಿ ಗುರುತಿಸಿ, ಆಮೇಲೆ ಅವಳನ್ನೇ ಖಳಳನ್ನಾಗಿ ಮಾಡಿಬಿಟ್ಟಿತು. ಬಸವಕಲ್ಯಾಣದ ಹಿರಿಯರ ಆಕ್ಷೇಪ ಇಲ್ಲಿ ಇನ್ನೊಮ್ಮೆ ನಿಲ್ಲುತ್ತದೆ: ಯಂತ್ರ ಕಟ್ಟುವ ಬುದ್ಧಿವಂತರು ಈ ಕಥೆಗಳಲ್ಲಿ ಎರಡನೆಯ ಸಲವೂ ಖಳರೇ ಆದರು.

ಪ್ರಶ್ನೆ: ಸೂಪರ್‌ಹೀರೊ ಅಂದರೆ ಅಮೆರಿಕದವನೇ ಆಗಿರಬೇಕೇ? ನಮ್ಮವರು, ಅದರಲ್ಲೂ ನಮ್ಮ ಕಡೆಯ ಮಾತಾಡುವವರು, ಇಂಥ ಚಿತ್ರಗಳಲ್ಲಿ ಯಾವಾಗ ಬರುತ್ತಾರೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ಮೊದಲರ್ಧಕ್ಕೆ ಉತ್ತರ ಈಗಾಗಲೇ ತೆರೆಗೆ ಬಂದಿದೆ. ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ 2004ರಲ್ಲಿಯೇ ಕಾಮಿಕ್ಸ್ ರೂಪದಲ್ಲಿ ಹುಟ್ಟಿದ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಅವನನ್ನು ರೂಪಿಸಿದರು. ಅಲ್ಲಿ ಅವನು ವಿದ್ಯಾರ್ಥಿವೇತನದ ಮೇಲೆ ಹಳ್ಳಿಯಿಂದ ಮುಂಬೈಗೆ ಬಂದ ಹುಡುಗ, ಶಕ್ತಿ ಬಂದದ್ದು ಯೋಗಿಯೊಬ್ಬರಿಂದ. ಭಾರತವೆಂದರೆ ಯೋಗಿ, ಮಂತ್ರ ಎಂಬ ಹೊರಗಿನವರ ಎಣಿಕೆಯ ನೆರಳು ಅದರ ಮೇಲಿತ್ತು. 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಅದೇ ಹುಡುಗ ಮುಂಬೈಯನ್ನೂ ಮ್ಯಾನ್‌ಹಾಟನ್ನನ್ನೂ ಬೆಸೆದ ಊರಿನಲ್ಲಿ ಲವಲವಿಕೆಯಿಂದ ಜಿಗಿದಾಡುತ್ತಾನೆ. ಊರನ್ನು ಪರಿಚಯಿಸುತ್ತ, ಬ್ರಿಟಿಷರು ನಮ್ಮ ವಸ್ತುಗಳನ್ನೆಲ್ಲ ಕದ್ದದ್ದು ಇಲ್ಲಿಂದಲೇ ಎಂದು ಹಾಸ್ಯ ಮಾಡುತ್ತಾನೆ. ಹಾಸ್ಯ ಚಿತ್ರಗಳಲ್ಲಿ ಭಾರತೀಯ ಪಾತ್ರವೆಂದರೆ ಅದರ ಉಚ್ಚಾರಣೆಯನ್ನು ಕೇಳಿ ಇತರರು ನಗುವುದೇ ಅಮೆರಿಕದಲ್ಲಿ ಬಹುಕಾಲ ನಡೆದು ಬಂದ ರೂಢಿಯಾಗಿತ್ತು. ಇಲ್ಲಿ ಹಾಸ್ಯದ ಕಡಿವಾಣ ಭಾರತೀಯನ ಕೈಯಲ್ಲಿದೆ. ಆ ಒಂದು ಪಲ್ಲಟಕ್ಕಾಗಿ ನಾನು ಆ ಚಿತ್ರವನ್ನು ಬಹಳ ಮೆಚ್ಚುತ್ತೇನೆ.

ನಿಮ್ಮ ಪ್ರಶ್ನೆಯ ಎರಡನೆಯ ಅರ್ಧ ನನ್ನನ್ನು ಹೆಚ್ಚು ಕಾಡುತ್ತದೆ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡಿದ ಬಳಿಕ ದಾರಿ ಮೆಲ್ಲಮೆಲ್ಲಗೆ ತೆರೆಯಿತು. ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಬಿಡುಗಡೆಯಾದ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಅದಕ್ಕೂ ಬಹಳ ಮೊದಲೇ, 2004ರಲ್ಲಿ, ‘ದಿ ಇನ್‌ಕ್ರೆಡಿಬಲ್ಸ್’ ಶಾರುಖ್ ಖಾನ್ ಕಂಠದಲ್ಲಿ ಹಿಂದಿಯಲ್ಲಿ ಬಂದಿತ್ತು. ಆಗ ಕನ್ನಡದ ಮಗುವಿಗೆ ತನ್ನ ನುಡಿಯಲ್ಲಿ ಈ ಕಥೆ ಕೇಳುವ ಭಾಗ್ಯವಿರಲಿಲ್ಲ. ಈಗ ಕನ್ನಡ ಬಂದಿದೆ, ಸಂತೋಷ. ಆದರೆ ಸಿನಿಮಾದ ಕನ್ನಡವೆಂದರೆ ಬಹುಪಾಲು ಬೆಂಗಳೂರು, ಮೈಸೂರು ಕಡೆಯ ಧಾಟಿ. “ಏನ್ ಮಾಡ್ಲಕತ್ತೀದಿ?” ಎಂದು ಕೇಳುವ ನಮ್ಮ ಮಾತು, ಉರ್ದು, ತೆಲುಗು, ಮರಾಠಿಗಳೊಡನೆ ಕೊಡುಕೊಳೆ ಮಾಡಿ ಬೆಳೆದ ನಮ್ಮ ನುಡಿ, ತೆರೆಯ ಮೇಲೆ ಬಂದರೆ ಹೆಚ್ಚಾಗಿ ನಗಿಸುವ ಆಳಿನ ಬಾಯಲ್ಲಿ ಅಥವಾ ಕೊಡಲಿ ಹಿಡಿದ ಗೂಂಡಾನ ಬಾಯಲ್ಲಿ. ಮಾತಿನ ಧಾಟಿಯನ್ನೇ ಹಾಸ್ಯವೆಂದು ಮಾರುವ ಚಿತ್ರಗಳನ್ನು ನೋಡಿ ಬೆಳೆದ ಕಲಬುರಗಿಯ ಹುಡುಗ ಬೆಂಗಳೂರಿನ ಸಂದರ್ಶನದ ಕೋಣೆಯಲ್ಲಿ ಬಾಯಿ ತೆರೆಯಲು ಅಂಜುತ್ತಾನೆ. ವಯೊಲೆಟ್ ಮಾಯವಾಗುವುದು ಹೀಗೆಯೇ.

ಇದನ್ನು ಸರಿಪಡಿಸಲು ಅಮೆರಿಕದವರನ್ನು ಕಾಯಬೇಕಿಲ್ಲ. ಡಬ್ಬಿಂಗ್ ಮಾಡುವವರು ನಾಯಕನ ಗೆಳೆಯನಿಗಲ್ಲ, ನಾಯಕಿಗೆ, ವಿಜ್ಞಾನಿಗೆ, ತಾಯಿಗೆ ನಮ್ಮ ಧಾಟಿಯನ್ನು ಕೊಟ್ಟು ನೋಡಲಿ. ಎಡ್ನಾ ಕಲಬುರಗಿಯ ಕನ್ನಡದಲ್ಲಿ ಬಾಬ್‌ನನ್ನು ಗದರಿಸಿದರೆ ಅವಳ ಗತ್ತು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ನೀವು ಇಂಜಿನಿಯರಿಂಗ್ ವಿದ್ಯಾರ್ಥಿ. ಅನಿಮೇಷನ್ ಮಾಡಲು ಬೇಕಾದ ಬ್ಲೆಂಡರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎರಡು ನಿಮಿಷದ ಒಂದು ಕಿರುಚಿತ್ರವನ್ನು ನಿಮ್ಮ ಅಜ್ಜಿಯ ಮಾತಿನಲ್ಲಿ ಮಾಡಿ ಕಳಿಸಿ. ಅದರ ಬಗ್ಗೆ ಈ ಅಂಕಣದಲ್ಲಿ ಬರೆಯುವ ಹೊಣೆ ನನ್ನದು.

ಪ್ರಶ್ನೆ: ಏಳು ವರ್ಷದ ಮಗನಿಗೆ ಈ ಚಿತ್ರ ತೋರಿಸಬಹುದೇ? ತೋರಿಸುವ ಮುನ್ನ ಏನಾದರೂ ತಿಳಿದಿರಬೇಕೇ?
— ತಂದೆ, ಆಳಂದ

ಉತ್ತರ: ತೋರಿಸಬಹುದು, ಆದರೆ ಜೊತೆಗೆ ಕುಳಿತು. ಎರಡನೆಯ ಭಾಗದಲ್ಲಿ ಬೆಳಕು ಜೋರಾಗಿ ಮಿನುಗುವ ದೃಶ್ಯಗಳಿವೆ. ಮೂರ್ಛೆರೋಗ ಇರುವವರಿಗೆ ತೊಂದರೆಯಾಗಬಹುದೆಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಎಚ್ಚರಿಕೆಯ ಫಲಕ ಹಾಕಲಾಗಿತ್ತು. ಮನೆಯಲ್ಲಿ ಅಂಥವರಿದ್ದರೆ ಆ ಭಾಗ ಬೇಡ.

ಮೊದಲ ಭಾಗದ ಆರಂಭವನ್ನು ನೀವೊಬ್ಬರೇ ಮೊದಲು ನೋಡಿಕೊಳ್ಳಿ. ಕಟ್ಟಡದಿಂದ ಹಾರಿ ಸಾಯಲು ಹೊರಟ ಮನುಷ್ಯನನ್ನು ಬಾಬ್ ಕಾಪಾಡುತ್ತಾನೆ. ಆ ಮನುಷ್ಯ, ಕಾಪಾಡಿದ್ದೇ ತಪ್ಪೆಂದು ನ್ಯಾಯಾಲಯದಲ್ಲಿ ದಾವೆ ಹೂಡುತ್ತಾನೆ. ಸೂಪರ್‌ಹೀರೊಗಳ ಮೇಲಿನ ನಿಷೇಧಕ್ಕೆ ಕಾರಣವಾಗುವುದು ಈ ದಾವೆ ಮತ್ತು ಅದರ ಹಿಂದೆ ಬಂದ ಇತರ ದಾವೆಗಳೇ. ಕಥೆಯ ಜಾಣತನ ಅದರಲ್ಲಿದೆ ನಿಜ, ಆದರೆ ಆ ಮನುಷ್ಯನಿಗೆ ಏನು ಕಷ್ಟವಿತ್ತು ಎಂದು ಚಿತ್ರ ಒಂದು ಮಾತೂ ಕೇಳುವುದಿಲ್ಲ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಸಿಡಿಮಿಡಿಗೊಳ್ಳುವ ಅವನನ್ನು ತೋರಿಸಿ ನಗಿಸಿ ಮುಂದೆ ಹೋಗುತ್ತದೆ. ಎರಡೂ ಚಿತ್ರಗಳಲ್ಲಿ ನನಗೆ ಒಪ್ಪಿಗೆಯೇ ಆಗದ ನಗೆ ಇದೊಂದು. ಏಳು ವರ್ಷದ ಮಗು, ಆ ಮಾಮ ಯಾಕೆ ಹಾರಿದ ಎಂದು ಖಂಡಿತ ಕೇಳುತ್ತದೆ. ಚಿತ್ರವನ್ನು ಅಲ್ಲಿ ನಿಲ್ಲಿಸಿ, ಅವನಿಗೆ ಬಹಳ ದುಃಖವಾಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ ಎಂದು ಮಗನಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವನು ಇನ್ನೇನಾದರೂ ಕೇಳಿದರೆ ಅದಕ್ಕೂ ಉತ್ತರ ಕೊಟ್ಟು, ಆಮೇಲೆ ಮುಂದಿನದನ್ನು ಹಾಕಿ.